ದೋಣಿಗಲ್ಲಿನಲ್ಲಿ ಕೆಂಪು ಸಮುದ್ರ

ಹಾಸನದಿಂದ ಮಂಗಳೂರಿನ ಕಡೆಗೆ ಹೊರಟ ಬಸ್ಸು ಪಾಳ್ಯವನ್ನು ಹಿಂದಿಕ್ಕಿ ಬಾಳ್ಳುಪೇಟೆಯನ್ನು ಸಮೀಪಿಸುವಷ್ಟರಲ್ಲಿ ಬಯಲುಸೀಮೆಯ ಝಳ ತಗ್ಗಿ, ಕಿಟಕಿಯಿಂದ ನುಗ್ಗುವ ಗಾಳಿಯಲ್ಲಿ ಮಲೆನಾಡಿನ ತಂಪು ಮೊದಲ ಸಲ ಮುಖಕ್ಕೆ ಸೋಕುವುದುಂಟು. ಆದರೆ 2024ರ ಫೆಬ್ರುವರಿಯ ಕೊನೆಯ ವಾರದ ಆ ಬೆಳಿಗ್ಗೆ ನನ್ನ ಮುಖಕ್ಕೆ ಸೋಕಿದ್ದು, ವರ್ಷಾನುವರ್ಷದಿಂದ ಮುಗಿಯದಿದ್ದ ಚತುಷ್ಪಥ ಹೆದ್ದಾರಿಯ ಕಾಮಗಾರಿಯ ಕೆಂಧೂಳು. ಕಿವಿಗೆ ಬಡಿದದ್ದು, ಪಕ್ಕದಲ್ಲಿ ಕುಳಿತಿದ್ದ ತರುಣನ ಮೊಬೈಲಿನಿಂದ ಹೊರಡುತ್ತಿದ್ದ ಫಿರಂಗಿಗಳ ಸದ್ದು. ಉಕ್ರೇನಿನ ಯುದ್ಧಕ್ಕೆ ಆ ವಾರ ಎರಡು ವರ್ಷ ತುಂಬಿತ್ತು. ಗಾಜಾದ ಯುದ್ಧಕ್ಕೆ ಐದನೆಯ ತಿಂಗಳು ನಡೆದಿತ್ತು. ತರುಣನು ಒಂದು ಯುದ್ಧವನ್ನು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿ ಇನ್ನೊಂದಕ್ಕೆ ಇಳಿಯುತ್ತಿದ್ದನು. ಎರಡರ ನಡುವೆ ಯಾರೋ ಒಬ್ಬಾಕೆ ನೀರುದೋಸೆ ಹೊಯ್ದು ಮಡಿಸಿದ್ದೂ ಕಾಣಿಸಿತು. ನನ್ನ ದೃಷ್ಟಿ ಅತ್ತಲೇ ಇದ್ದುದನ್ನು ಗಮನಿಸಿ ಅವನು ಸ್ನೇಹದಿಂದಲೇ, "ಕೊನೆಗೆ ಯಾರ್ ಗೆಲ್ತಾರೆ ಸಾರ್?" ಎಂದು ಕೇಳಿದನು. ಯಾವ ಯುದ್ಧದಲ್ಲಿ ಎಂಬುದನ್ನು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೇಮಾವತಿಯ ದಂಡೆಯ ಸಕಲೇಶಪುರದಲ್ಲಿ, ಉತ್ತರಕ್ಕಾಗಿ ಕಾಯದೆ, ಇಳಿದು ಹೋದನು.

ಅಲ್ಲಿಂದ ಐದಾರು ಕಿಲೋಮೀಟರು ಹೋದರೆ ದೋಣಿಗಲ್. ಕಾಫಿ ತೋಟದ ಸ್ನೇಹಿತರೊಬ್ಬರು, "ನೀರು ಕೊಟ್ಟಿದ್ದೇವೆ, ಈ ವಾರ ರೊಬಸ್ಟಾ ಹೂ ಅರಳುತ್ತದೆ, ಬಂದು ನೋಡಿ" ಎಂದು ಬರೆದಿದ್ದರು. ನನಗೂ ಮಂಜರಾಬಾದ್ ಕೋಟೆಯನ್ನು ಮತ್ತೊಮ್ಮೆ ನೋಡುವ ಹಂಬಲವಿತ್ತು. ಕಡಲಿನಿಂದ ಇಷ್ಟು ದೂರದ ಬೆಟ್ಟದ ಊರಿಗೆ ದೋಣಿಯ ಹೆಸರು ಹೇಗೆ ಬಂತೆಂದು ಹೊಸಬರು ಆಶ್ಚರ್ಯಪಡಬಹುದು. ನಮ್ಮ ಭಾಷೆಯಲ್ಲಿ ದೋಣಿಯೆಂದರೆ ನೀರಿನ ಮೇಲೆ ತೇಲುವುದೂ ಹೌದು, ನೀರನ್ನು ಹಿಡಿದಿಡುವ ಕಲ್ಲಿನ ತೊಟ್ಟಿಯೂ ಹೌದು, ಮಾಡಿನ ಅಂಚಿನಲ್ಲಿ ಮಳೆಯ ನೀರನ್ನು ಒಯ್ಯುವ ಹರಿನಾಳವೂ ಹೌದು. ಈ ಮೂರನೆಯ ಅರ್ಥ ಈ ಸೀಮೆಗೆ ಎಷ್ಟು ಒಪ್ಪುತ್ತದೆಂದರೆ, ಇಲ್ಲಿನ ಏಣಿನ ಮೇಲೆ ಬಿದ್ದ ಹನಿ ಮೂಡಲಿಗೆ ಉರುಳಿದರೆ ಹೇಮಾವತಿಯ ಮೂಲಕ ಕಾವೇರಿಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ; ಪಡುವಲಿಗೆ ಉರುಳಿದರೆ ಕೆಂಪುಹೊಳೆ, ಕುಮಾರಧಾರೆ, ನೇತ್ರಾವತಿಗಳ ಕೈಹಿಡಿದು ಅರಬ್ಬೀ ಸಮುದ್ರವನ್ನು ಕಾಣುತ್ತದೆ. ಜಗತ್ತಿನ ಎರಡು ದಿಕ್ಕುಗಳಿಗೆ ಬಾಗಿಲು ತೆರೆದುಕೊಂಡಿರುವ ಊರು ಇದು. ಬಾಗಿಲೆಂದ ಮೇಲೆ ಅದರಿಂದ ಹೊರಕ್ಕೆ ಹೋಗುವುದು ಇರುವಂತೆ ಒಳಕ್ಕೆ ಬರುವುದೂ ಇರುತ್ತದೆ.

ಕೋಟೆಯ ದಾರಿ ಹೆದ್ದಾರಿಯನ್ನು ಬಿಟ್ಟು ಹೊರಡುವ ಕಡೆ ಒಂದು ಚಹಾದಂಗಡಿ. ಮುಂದೆ ತಗಡಿನ ಚಾಚು, ಹಿಂದೆ ಹಳೆಯ ಹೆಂಚಿನ ಮಾಡು, ಎರಡು ಬೆಂಚು, ಒಂದು ಮೇಜು, ಗಾಜಿನ ಪೆಟ್ಟಿಗೆಯಲ್ಲಿ ಕೋಡುಬಳೆ ಮತ್ತು ಬನ್ನು. ಅಂಗಡಿಯ ಒಡತಿ ಐವತ್ತರ ಆಚೀಚೆಯ ಹೆಂಗಸು. ಅಲ್ಲಿಗೆ ಬರುವವರೆಲ್ಲರಿಗೂ, ವಯಸ್ಸಿನಲ್ಲಿ ಆಕೆಗಿಂತ ಹಿರಿಯರಾದವರಿಗೂ, ಆಕೆ 'ಅಕ್ಕ'. ಬೆಂಚಿನ ಮೇಲೆ ಕುಳಿತು ತಲೆಯೆತ್ತಿದಾಗ, ಹೊಗೆ ಹಿಡಿದ ಹೆಂಚೊಂದರ ಒಳಮೈಯಲ್ಲಿ ಇಂಗ್ಲಿಷಿನ ಉಬ್ಬಕ್ಷರಗಳು ಕಂಡವು: ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ, ಮಂಗಳೂರು, 1865. ಅದು ಹೆಂಚು ಸುಟ್ಟ ವರ್ಷವಲ್ಲ, ಕಾರ್ಖಾನೆ ಹುಟ್ಟಿದ ವರ್ಷ. ನೇತ್ರಾವತಿಯ ಜೇಡಿಯನ್ನು ಹೆಂಚಾಗಿಸಿ ಮಲೆನಾಡಿನ ಮನೆಮನೆಗೂ ಹೊದಿಸಿದ ಆ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು, 1914ರಲ್ಲಿ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡ ಮೇಲೆ, ಶತ್ರುದೇಶದವರೆಂದು ಬಂಧನದಲ್ಲಿರಿಸಿ ಆಮೇಲೆ ಈ ದೇಶದಿಂದಲೇ ಕಳುಹಿಸಿಬಿಟ್ಟರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಹೆಂಚು ಮಾತ್ರ ತನ್ನ ಪಾಡಿಗೆ ತಾನು ನೀರು ಇಳಿಸುತ್ತಿದೆ.

ಅಂಗಡಿಯಲ್ಲಿ ಆಗಲೇ ಸಭೆ ಸೇರಿತ್ತು. ತೋಟವೊಂದರಲ್ಲಿ ನಲವತ್ತು ವರ್ಷ ರೈಟರಾಗಿ ಲೆಕ್ಕ ಬರೆದು ನಿವೃತ್ತರಾದ ಹಿರಿಯರೊಬ್ಬರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ದಿನಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಅವರಿಗೆ ಎದುರಾಗಿ ಹದಿನೈದು ಎಕರೆ ತೋಟದ ಗೌಡರು. ಬಾಗಿಲ ಬಳಿ, ಕಾಫಿ ಮೂಟೆಗಳನ್ನು ಪಣಂಬೂರಿನ ಬಂದರಿಗೆ ಇಳಿಸುವ ಲಾರಿಯ ಚಾಲಕರಾದ ಬ್ಯಾರಿ ಜನಾಂಗದವರೊಬ್ಬರು. ಕಂಬಕ್ಕೆ ಒರಗಿ, ಬಿ.ಕಾಂ. ಓದುತ್ತಿರುವ ಇಬ್ಬರು ಹುಡುಗರು. ಅಂದಿನ ಸುದ್ದಿಯೆಂದರೆ, ಕಲಬುರಗಿ ಕಡೆಯ ಕೆಲವು ಯುವಕರು ರಷ್ಯಾದಲ್ಲಿ ಕಾವಲಿನ ಕೆಲಸವೆಂದು ಏಜೆಂಟನ ಮಾತು ನಂಬಿ ಹೋಗಿ, ಸೈನ್ಯದ ಕೈಗೆ ಸಿಕ್ಕಿ ಉಕ್ರೇನಿನ ಗಡಿಯಲ್ಲಿ ಸಿಲುಕಿದ್ದಾರೆಂಬುದು. ರೈಟರು ಅದನ್ನು ಓದಿ ಮುಗಿಸಿ, ಪುಟ ಮಗುಚಿ, ಕೆಂಪು ಸಮುದ್ರದಲ್ಲಿ ಹಡಗಿನ ಮೇಲೆ ನಡೆದ ಇನ್ನೊಂದು ದಾಳಿಯ ವಾರ್ತೆಗೆ ಹೋದರು. ಅಷ್ಟು ಹೊತ್ತೂ ಬೋಸಿಯ ಹಾಲನ್ನೇ ನೋಡುತ್ತಿದ್ದ ಅಕ್ಕ, "ರೈಟ್ರೇ, ಆ ಹುಡುಗ್ರದ್ದು ಇನ್ನೊಂದ್ಸಲ ಓದಿ" ಎಂದರು. ರೈಟರು ಕೇಳಿಸಿಕೊಳ್ಳಲಿಲ್ಲವೋ, ಕೇಳಿಯೂ ಮುಂದಕ್ಕೆ ಹೋದರೋ, ಹೇಳಲಾರೆ. ಏಕೆಂದರೆ ಅಷ್ಟರಲ್ಲಿ ಗೌಡರು ಮಾತು ಹಿಡಿದಾಗಿತ್ತು.

"ಯುದ್ಧ ಅಂದ್ರೆ ಟೀವೀಲಿ ನೋಡೋದು ಅಂದ್ಕೊಂಡಿದ್ದೆ ನಾನೂ. ಇಪ್ಪತ್ತೆರಡನೇ ಇಸವೀಲಿ ಪೊಟ್ಯಾಷ್ ಚೀಲಕ್ಕೆ ಸಾವಿರದ ಏಳ್ನೂರು ಅಂದ್ರಲ್ಲ, ಅವತ್ತು ಗೊತ್ತಾಯ್ತು, ಅದು ನಮ್ ಗಿಡದ ಬುಡಕ್ಕೇ ಬಂದಿದೆ ಅಂತ" ಎಂದರು ಗೌಡರು. ಪೊಟ್ಯಾಷ್ ನಮ್ಮ ನೆಲದಲ್ಲಿ ಸಿಕ್ಕುವುದಲ್ಲ. ಹೊರಗಿನಿಂದ ತರಿಸಿಕೊಳ್ಳುವುದರಲ್ಲಿ ರಷ್ಯಾ ಮತ್ತು ಬೆಲಾರೂಸ್‌ಗಳ ಪಾಲು ದೊಡ್ಡದು. ಕಾಯಿ ಬಲಿಯುವ ಕಾಲದಲ್ಲಿ ಗಿಡ ಅದನ್ನೇ ಬೇಡುತ್ತದೆ. ಗೌಡರು ಆ ವರ್ಷ ಅರ್ಧ ಪ್ರಮಾಣ ಹಾಕಿ ಕೈತೊಳೆದುಕೊಂಡರಂತೆ. ಮರುವರ್ಷ ಕಾಯಿ ಜೊಳ್ಳಾದದ್ದಕ್ಕೆ ಮಳೆ ಕಾರಣವೋ ಪುಟಿನ್ ಕಾರಣವೋ ಎಂಬ ಬಗ್ಗೆ ಅವರಿಗೂ ಅವರ ಮನೆಯವರಿಗೂ ಇನ್ನೂ ಇತ್ಯರ್ಥವಾಗಿಲ್ಲ. ಆಗಿನ ಚಿಂತೆ ಬೇರೆ. ನಮ್ಮ ದೇಶ ಬೆಳೆಯುವ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲಿಗೂ ಮಿಕ್ಕಿ ಹೊರದೇಶಕ್ಕೆ ಹೋಗುತ್ತದೆ. ಎಲ್ಲರಿಗಿಂತ ದೊಡ್ಡ ಗಿರಾಕಿ ಇಟಲಿ. ಮಂಗಳೂರಿನಿಂದ ಹೊರಟ ಹಡಗು ಏಡನ್ನಿನ ಬಳಿ ಬಾಬ್ ಎಲ್ ಮಂದೆಬ್ ಜಲಸಂಧಿಯನ್ನು ಹೊಕ್ಕು, ಕೆಂಪು ಸಮುದ್ರವನ್ನು ಹಾದು, ಸೂಯೆಜ್ ಕಾಲುವೆಯಿಂದ ಹೊರಬಂದರೆ ಇಟಲಿ ಅಷ್ಟೇನೂ ದೂರವಲ್ಲ. 2023ರ ನವೆಂಬರಿನಿಂದ ಯೆಮೆನ್ನಿನ ಹೂತಿಗಳು ಅಲ್ಲಿ ಹಡಗುಗಳ ಮೇಲೆ ಕೈಯಿಟ್ಟ ಮೇಲೆ ದೊಡ್ಡ ಕಂಪೆನಿಗಳು ಆ ದಾರಿಯನ್ನೇ ಬಿಟ್ಟು ಆಫ್ರಿಕಾ ಖಂಡದ ಕೊನೆಯನ್ನು ಬಳಸಿ ಹೋಗತೊಡಗಿದವು. ಹತ್ತು ಹದಿನೈದು ದಿನ ಹೆಚ್ಚು, ಬಾಡಿಗೆಯೂ ಹೆಚ್ಚು.

"ಹಾಗಾದ್ರೆ ರೇಟ್ ಇಳೀಬೇಕಲ್ಲ ಗೌಡ್ರೇ? ಏರ್ತಾ ಕೂತಿದೆಯಲ್ಲ?" ಎಂದನು ಹುಡುಗರಲ್ಲಿ ಒಬ್ಬನು. ಅವನು ಮುಟ್ಟಿದ್ದು ಸರಿಯಾದ ಜಾಗವನ್ನೇ. ಆ ವರ್ಷ ರೊಬಸ್ಟಾಕ್ಕೆ ಹಿಂದೆಂದೂ ಕಾಣದ ಬೆಲೆ. ವಿಯೆಟ್ನಾಮಿನಲ್ಲಿ ಬೆಳೆ ಕಡಿಮೆ; ಇದ್ದ ಬೆಳೆಯೂ ಅದೇ ಕೆಂಪು ಸಮುದ್ರದ ದಾರಿಯಲ್ಲಿ ತಡವಾಗುತ್ತಿತ್ತು; ಯುರೋಪಿನ ಕಾಫಿ ಹುರಿಯುವವರು ಸಿಕ್ಕಿದ ಕಡೆ ಕೊಳ್ಳುತ್ತಿದ್ದರು. ಗೌಡರು ಲೋಟವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ತಪ್ಪೊಪ್ಪಿಕೊಳ್ಳುವವರ ಧ್ವನಿಯಲ್ಲಿ, "ಅದೇ ಕಣಪ್ಪ ಕಷ್ಟ. ಯುದ್ಧ ನಿಲ್ಲಲಿ ಅಂತ ದೇವ್ರಿಗೆ ಕೈ ಮುಗೀತೀನಿ. ಮುಗಿದು ಬಂದು ಮೊಬೈಲಲ್ಲಿ ರೇಟ್ ನೋಡ್ತೀನಿ. ಎರಡೂ ಒಂದೇ ಕೈ" ಎಂದರು. ಯಾರೂ ನಗಲಿಲ್ಲ. ಯುದ್ಧದ ವಿಷಯವಾಗಿ ಆ ಎರಡು ವರ್ಷಗಳಲ್ಲಿ ನಾನು ಓದಿದ ಲೇಖನಗಳಲ್ಲಿ ಇಷ್ಟು ಪ್ರಾಮಾಣಿಕವಾದ ವಾಕ್ಯವನ್ನು ಕಂಡ ನೆನಪಿಲ್ಲ.

ಹುಡುಗರಿಗೆ ಈ ಲೆಕ್ಕಾಚಾರ ರುಚಿಸಲಿಲ್ಲ. ಅವರಿಬ್ಬರೂ ಒಂದೇ ಬೆಂಚಿನ ಸಹಪಾಠಿಗಳಾದರೂ ಗಾಜಾದ ವಿಷಯದಲ್ಲಿ ಎರಡು ಪಕ್ಷಗಳಾಗಿ ಒಡೆದಿದ್ದರು. ಒಬ್ಬನ ಮೊಬೈಲಿನಲ್ಲಿದ್ದ ದೃಶ್ಯಗಳು ಇನ್ನೊಬ್ಬನ ಮೊಬೈಲಿನಲ್ಲಿರಲಿಲ್ಲ, ಇವನು ಕಂಡ ಮಕ್ಕಳನ್ನು ಅವನು ಕಂಡಿರಲಿಲ್ಲ, ಅವನು ಕಂಡ ಒತ್ತೆಯಾಳುಗಳನ್ನು ಇವನು ಕಂಡಿರಲಿಲ್ಲ. ಮಾತು ಏರುತ್ತ ಹೋಗಿ, ಊರ ಹಬ್ಬದ ಕೋಳಿ ಅಂಕದಲ್ಲಿ ಹುಂಜವನ್ನು ಹುರಿದುಂಬಿಸುವವರ ಧಾಟಿಗೆ ಬಂದಿತು. ಆಗ ಬಾಗಿಲ ಬಳಿಯ ಲಾರಿ ಚಾಲಕರು ಬೀಡಿಯನ್ನು ಆರಿಸಿ, "ನಿಮಗೆ ಒಂದು ಕಡೆ ಹೇಳಿದ್ರೆ ಸಾಕು ಮಾರಾಯ್ರೇ, ನಮಗೆ ಹಾಗಲ್ಲ" ಎಂದು ಒಳಗೆ ಬಂದರು. ಅವರ ಊರಿನಲ್ಲಿ, ಅವರ ಮನೆಯಿಂದ ನಾಲ್ಕನೆಯ ಮನೆಯ ಕ್ರಿಶ್ಚಿಯನ್ ಹುಡುಗಿ ಇಸ್ರೇಲಿನಲ್ಲಿ ಒಬ್ಬ ವೃದ್ಧೆಯ ಆರೈಕೆಯ ಕೆಲಸದಲ್ಲಿದ್ದಾಳೆ. ಕರಾವಳಿಯ ಅನೇಕ ಮನೆಗಳು ಇಂತಹ ಆರೈಕೆಯ ಸಂಬಳದಿಂದಲೇ ಎದ್ದು ನಿಂತಿವೆ. ಅವರ ಸ್ವಂತ ತಮ್ಮ ಜೆದ್ದಾದ ಅಂಗಡಿಯೊಂದರಲ್ಲಿದ್ದಾನೆ. "ಅಲ್ಲಿ ಸೈರನ್ ಆದ್ರೆ ಆ ಹುಡುಗಿ ಅಮ್ಮನಿಗೆ ಫೋನ್ ಮಾಡ್ತಾಳೆ. ಅಮ್ಮ ರಾತ್ರಿ ಒಂದು ಗಂಟೆಗೂ ನಮ್ಮ ಮನೆಗೇ ಓಡಿ ಬರೋದು, ನನ್ನ ಹೆಂಡತಿ ಹತ್ರ ಕೂತು ಅಳೋದು. ಗಾಜಾದ್ದು ನೋಡಿ ನನ್ನ ಹೆಂಡತಿ ಅಳ್ತಾಳೆ, ಆಗ ಅವರು ಕೂತ್ಕೊಳ್ತಾರೆ. ಈಗ ನಾನು ಎಂತ ಹೇಳ್ಬೇಕು, ಯಾರಿಗೆ ಜೈ ಹೇಳ್ಬೇಕು, ನೀವೇ ಹೇಳಿ." ಹುಡುಗರು ಮೊಬೈಲುಗಳನ್ನು ಜೇಬಿಗಿಳಿಸಿದರು. ಚರ್ಚೆ ಅಲ್ಲಿಗೆ ನಿಂತಿತೆಂದಲ್ಲ. ಚರ್ಚೆಯ ಜಾತಿ ಬದಲಾಯಿತು.

ಅಕ್ಕ ಆಗ ತಮ್ಮ ಮಾತನ್ನು ಮತ್ತೆ ಎತ್ತಿದರು. ಎರಡು ವರ್ಷದ ಹಿಂದೆ, 2022ರ ಮಾರ್ಚ್ 1ರಂದು, ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬನು ಉಕ್ರೇನಿನ ಹಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದದ್ದು ಓದುಗರಿಗೆ ನೆನಪಿರಬಹುದು. ಅಕ್ಕನಿಗೆ ಅದು ಮೊನ್ನೆ ನಡೆದಂತೆ ನೆನಪಿತ್ತು. "ದಿನಸಿ ತರಕ್ಕೆ ಅಂಗಡಿ ಮುಂದೆ ಸಾಲಲ್ಲಿ ನಿಂತಿದ್ದನಂತೆ ಸಾರ್ ಆ ಮಗ. ಅಂಗಡಿ ಮುಂದೆ" ಎಂದು, ನಾವೆಲ್ಲ ಕುಳಿತಿದ್ದ ಜಾಗವನ್ನು ಸೌಟಿನಿಂದ ತೋರಿಸಿ, ನನ್ನೊಬ್ಬನಿಗೇ ಹೇಳುವಂತೆ ಹೇಳಿದರು. ಆಮೇಲೆ ತಿಳಿದದ್ದು: ಆಕೆಯ ಮಗನೂ ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದಾನೆ. ಬೆಂಗಳೂರಿನಲ್ಲಿ ಏಜೆಂಟನೊಬ್ಬನ ಹಿಂದೆ ಅಲೆಯುತ್ತಿದ್ದಾನೆ. ಯಾವ ದೇಶವೆಂದು ಕೇಳಿದರೆ, "ಹೊರಗಡೆ" ಎಂದಷ್ಟೇ ಹೇಳುತ್ತಾನೆ.

ಕೋಟೆಗೆ ನಾನು ಹೊರಟಾಗ ಹುಡುಗರಲ್ಲಿ ಒಬ್ಬನು ಜೊತೆಗೆ ಬಂದನು. ಇನ್ನೂರೈವತ್ತರಷ್ಟು ಮೆಟ್ಟಿಲು, ಸಮುದ್ರಮಟ್ಟದಿಂದ ಮೂರು ಸಾವಿರದ ಇನ್ನೂರು ಅಡಿಗೂ ಮಿಕ್ಕ ಎತ್ತರ. ಎಂಟು ಮೂಲೆಗಳು ನಕ್ಷತ್ರದ ಕಿರಣಗಳಂತೆ ಹೊರಕ್ಕೆ ಚಾಚಿರುವ ಈ ಕೋಟೆಯನ್ನು ಟಿಪ್ಪು ಸುಲ್ತಾನನು ಕಟ್ಟಿಸಿದ್ದು 1792ರಲ್ಲಿ. ನಮ್ಮ ನಾಡಿನ ಕೋಟೆಗಳು ಸಾಮಾನ್ಯವಾಗಿ ಬಂಡೆಯ ಇಚ್ಛೆಯನ್ನು ಅನುಸರಿಸಿ ಬಳಸಿ ಬಾಗಿ ಹೋಗುವವಾದರೆ, ಇದು ಕೈವಾರ ಹಿಡಿದು ಕಾಗದದ ಮೇಲೆ ಬರೆದ ಆಕೃತಿಯನ್ನು ಬೆಟ್ಟದ ನೆತ್ತಿಯ ಮೇಲೆ ಇಳಿಸಿದಂತಿದೆ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಎಂಜಿನಿಯರಾದ ವೋಬಾನ್ ಎಂಬಾತನು, ತನ್ನ ದೇಶದ ನೆರೆಹೊರೆಯ ಶತ್ರುಗಳ ಫಿರಂಗಿಗಳನ್ನು ಗಮನದಲ್ಲಿಟ್ಟು ಪರಿಪೂರ್ಣಗೊಳಿಸಿದ ವಿನ್ಯಾಸವಿದು. ಮಧ್ಯದಲ್ಲಿ ಮೆಟ್ಟಿಲುಗಳಿಂದ ಇಳಿಯುವ, ಕೂಡುವ ಚಿಹ್ನೆಯ ಆಕಾರದ ಕೊಳ. ಅದರ ಬದಿಯಲ್ಲಿ ನೆಲದೊಳಗೆ ಇಳಿದಿರುವ ಮದ್ದಿನಮನೆಗಳು. ಹೊರಗೆ ಬಿಸಿಲು ಚುರುಗುಟ್ಟುತ್ತಿದ್ದರೂ ಒಳಗೆ ಗೋಡೆಯ ಗಾರೆ ಕೈಗೆ ತಣ್ಣಗೆ ಹತ್ತಿತು. ಕಿಂಡಿಯೊಂದಕ್ಕೆ ಕಣ್ಣಿಟ್ಟು ನೋಡಿದೆನು. ಒಳಮುಖದಲ್ಲಿ ಅಗಲವಾಗಿಯೂ ಹೊರಮುಖದಲ್ಲಿ ಗೇಣಗಲವಾಗಿಯೂ ಇರುವ ಆ ಕಿಂಡಿಯೊಳಗೆ, ಕೆಳಗಿನ ಹೆದ್ದಾರಿಯ ಒಂದು ತುಂಡು, ಅದರ ಮೇಲೆ ಏರು ಹತ್ತಲಾರದೆ ತೆವಳುತ್ತಿದ್ದ ಒಂದು ಕಂಟೇನರ್ ಲಾರಿ, ಅದರ ಹಿಂದೆ ಹಸಿರಿನ ಮೇಲೆ ಹಸಿರಾಗಿ ಪಡುವಲಕ್ಕೆ ಇಳಿಯುವ ಬೆಟ್ಟಗಳು. ದಾರಿಯನ್ನು ಕಾಯುವುದಕ್ಕೆಂದೇ ಕಟ್ಟಿದ ಕೋಟೆ ಇನ್ನೂ ಅದನ್ನೇ ನೋಡುತ್ತಿದೆ.

"ಇಷ್ಟೆಲ್ಲಾ ಕಟ್ಟಿ, ಇಲ್ಲಿ ದೊಡ್ಡ ಯುದ್ಧಾನೇ ಆಗ್ಲಿಲ್ವಂತಲ್ಲ ಸಾರ್?" ಎಂದನು ಹುಡುಗ. ಅವನ ಧ್ವನಿಯಲ್ಲಿ ಸ್ವಲ್ಪ ನಿರಾಶೆಯಿತ್ತು. ನಾನು ಅವನಿಗೆ, ದೂರದ ಯುದ್ಧದ ಸುದ್ದಿಯನ್ನು ನಂ‌ಬಿ ಕುಳಿತವರಲ್ಲಿ ಅವನೇ ಮೊದಲಿಗನಲ್ಲವೆಂಬುದನ್ನು ಹೇಳಿದೆನು. 1783ರಲ್ಲಿ, ಈ ಘಟ್ಟದ ಬುಡದಲ್ಲಿ, ಟಿಪ್ಪುವು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಅವನ ಪಾಳೆಯದಲ್ಲಿ ಫ್ರೆಂಚ್ ಸೈನಿಕರಿದ್ದರು. ಯುರೋಪಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಸಂಧಿಯಾಯಿತೆಂಬ ವಾರ್ತೆ ತಿಂಗಳುಗಟ್ಟಲೆ ತಡವಾಗಿ ಹಡಗಿನಲ್ಲಿ ಬಂದು ತಲಪಿದ ಕೂಡಲೆ, ನಿನ್ನೆಯವರೆಗೂ ಜೊತೆಯಲ್ಲಿ ಗುಂಡು ಹಾರಿಸುತ್ತಿದ್ದವರು, ತಮ್ಮ ಯುದ್ಧ ಮುಗಿಯಿತೆಂದು ಕೋವಿಯಿಳಿಸಿ ಪಕ್ಕಕ್ಕೆ ಸರಿದುಬಿಟ್ಟರು. ಆ ಯುದ್ಧ 1784ರ ಮಾರ್ಚಿನ ಮಂಗಳೂರು ಒಪ್ಪಂದದಲ್ಲಿ ಕೊನೆಗಂಡಿತು. ಎಂಟು ವರ್ಷ ಕಳೆದು 1792ರಲ್ಲಿ, ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಒಪ್ಪಿಸಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ ಮೇಲೂ, ಅವನ ಕಿವಿ ಫ್ರಾನ್ಸಿನ ಕಡೆಗೇ ಇತ್ತು. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಅವನಿಗೆ ಒಂದು ಕಾಗದ ಬರೆದನು: ದೊಡ್ಡ ಸೈನ್ಯದೊಡನೆ ಕೆಂಪು ಸಮುದ್ರದ ತೀರಕ್ಕೆ ಬಂದಿರುವುದಾಗಿಯೂ ಇಂಗ್ಲಿಷರಿಂದ ಅವನನ್ನು ಬಿಡಿಸುವ ಅಭಿಲಾಷೆಯುಳ್ಳವನಾಗಿರುವುದಾಗಿಯೂ ಅದರ ತಾತ್ಪರ್ಯ. ಕಾಗದ ಇಂಗ್ಲಿಷರ ಕೈಗೆ ಸಿಕ್ಕಿತು. ಟಿಪ್ಪು ಅದನ್ನು ಓದಲೇ ಇಲ್ಲ. ಅದೇ ವರ್ಷದ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಹತನಾದನು.

ಕೆಂಪು ಸಮುದ್ರದಿಂದ ಬರಬೇಕಾಗಿದ್ದದ್ದು ಬಾರದೆ ಹೋದದ್ದು, ಎಂದರೆ, ಈ ಬೆಟ್ಟಕ್ಕೆ ಹೊಸದಲ್ಲ. ಕಥೆ ಅಲ್ಲಿಗೂ ಮುಗಿಯುವುದಿಲ್ಲ. ಸುಲ್ತಾನನ ಪತನಾನಂತರ, ಇಲ್ಲಿಗೆ ಸಮೀಪದ ಐಗೂರಿನ ಪಾಳೆಯಗಾರ ವೆಂಕಟಾದ್ರಿ ನಾಯಕನು ಇಂಗ್ಲಿಷರಿಗೆ ಮಣಿಯದೆ ಕಾಡು ಹಿಡಿದು ಕಾದಿದನು. 1802ರ ಜನವರಿಯಲ್ಲಿ ಅರಕೆರೆಯ ಅವನ ನೆಲೆಯನ್ನು ಒಡೆದು, ಕೆಲವೇ ವಾರಗಳಲ್ಲಿ ಅವನನ್ನು ಹಿಡಿದು ಗಲ್ಲಿಗೇರಿಸಿದ ಸೇನಾಪತಿಯೇ ಆರ್ಥರ್ ವೆಲ್ಲೆಸ್ಲಿ. ಅವನೇ ಹದಿಮೂರು ವರ್ಷದ ಮೇಲೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್. ವಾಟರ್ಲೂ ಎಲ್ಲಿ, ಐಗೂರಿನ ಬಿದಿರುಮೆಳೆ ಎಲ್ಲಿ! ಹುಡುಗನು ಐಗೂರಿನವನೇ ಆದುದರಿಂದ ಈ ಕೊನೆಯ ಮಾತು ಮಾತ್ರ ಅವನಿಗೆ ಬಹಳ ಹಿಡಿಸಿತು. ಇಳಿಯುವಾಗ ಮೆಟ್ಟಿಲ ಮೇಲೆ ನಿಂತು ಯಾರಿಗೋ ಫೋನು ಮಾಡಿ ಹೇಳಿದನು.

ಅಂಗಡಿಗೆ ಮರಳಿದಾಗ ಲಾರಿ ಹೊರಟುಹೋಗಿತ್ತು. ಗೌಡರೂ ರೈಟರೂ ಎರಡನೆಯ ಮಹಾಯುದ್ಧಕ್ಕೆ ತಲಪಿದ್ದರು. ರೈಟರ ತಂದೆಯೂ ರೈಟರೇ. ಯುರೋಪಿನ ಬಂದರುಗಳು ಮುಚ್ಚಿ ತೋಟದ ಕಾಫಿ ಕೇಳುವವರಿಲ್ಲದೆ ಉಳಿದ ಕಾಲವನ್ನು ಕಂಡವರು. ಆ ಸಂಕಟದಿಂದಲೇ 1940ರಲ್ಲಿ ಸರ್ಕಾರ ಕಾಫಿಯ ಮಾರಾಟವನ್ನು ತನ್ನ ಹತೋಟಿಗೆ ತೆಗೆದುಕೊಂಡಿತು. 1942ರ ಶಾಸನದಿಂದ ಕಾಫಿ ಬೋರ್ಡು ಸ್ಥಿರವಾಯಿತು. ಬೆಳೆಗಾರನು ಬೆಳೆದದ್ದನ್ನೆಲ್ಲ 'ಪೂಲ್'ಗೆ ಹಾಕಿ, ಪಾಯಿಂಟಿನ ಲೆಕ್ಕದಲ್ಲಿ ಕಂತುಕಂತಾಗಿ ಬರುವ ಹಣಕ್ಕಾಗಿ ಕಾಯುವ ಪದ್ಧತಿ 1996ರವರೆಗೂ ನಡೆಯಿತು. "ಹಿಟ್ಲರು ನಮ್ ತೋಟಕ್ಕೆ ಬರ್ಲಿಲ್ಲ. ಆದ್ರೆ ಕಾಫಿ ಬೋರ್ಡು ತಂದುಕೊಟ್ಟೋನು ಅವನೇ. ಯುದ್ಧ ಆರು ವರ್ಷಕ್ಕೆ ಮುಗೀತು, ಪೂಲ್ ಮುಗಿಯೋಕೆ ಐವತ್ತು ವರ್ಷ ಬೇಕಾಯ್ತು" ಎಂದರು ರೈಟರು. ಸೂಯೆಜ್ ಕಾಲುವೆ 1967ರ ಯುದ್ಧದಲ್ಲಿ ಮುಚ್ಚಿ 1975ರವರೆಗೂ ತೆರೆಯದೆ ಇದ್ದುದನ್ನೂ ಅವರೇ ನೆನಪಿಸಿದರು. ಆಗಲೂ ಕಾಫಿ ಆಫ್ರಿಕಾವನ್ನೇ ಸುತ್ತಿಕೊಂಡು ಹೋಯಿತು. ಕಾಲುವೆ ಹುಟ್ಟಿದ್ದೇ 1869ರಲ್ಲಿ; ಅದಕ್ಕೆ ಮೊದಲು, ಈ ಮಂಜರಾಬಾದ್ ಸೀಮೆಯಲ್ಲಿ ರಾಬರ್ಟ್ ಎಲಿಯಟ್ ಮೊದಲಾದ ದೊರೆಗಳು ಕಾಡು ಕಡಿದು ತೋಟವೆಬ್ಬಿಸಿದ ಕಾಲದಲ್ಲಿ, ಹಡಗಿಗೆ ಬೇರೆ ದಾರಿಯೇ ಇರಲಿಲ್ಲ.

"ಇನ್ನೊಂದು ಗಮನಿಸಿದ್ರಾ?" ಎಂದು ರೈಟರು ಪತ್ರಿಕೆಯನ್ನು ಮಡಿಸಿದರು. "ಬಾಬಾಬುಡನ್ ಗಿರೀಗೆ ಏಳು ಬೀಜ ಬಂದದ್ದು ಎಲ್ಲಿಂದ? ಯೆಮೆನ್ನಿಂದ. ಮೋಕಾ ಬಂದರು ಇರೋದೇ ಕೆಂಪು ಸಮುದ್ರದ ದಡದಲ್ಲಿ. ಬೀಜ ಕೊಟ್ಟೋರೇ ಈಗ ಬೆಳೆ ಹೋಗೋಕೆ ಅಡ್ಡ ನಿಂತಿದಾರೆ." ಐತಿಹ್ಯವನ್ನೂ ದಿನಪತ್ರಿಕೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಸಂತೋಷ ಅವರ ಮುಖದಲ್ಲಿ ಕಾಣುತ್ತಿತ್ತು. ನನಗೂ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಇಂತಹ ಗಂಟುಗಳನ್ನು ಬಿಚ್ಚುವುದೂ ಕಟ್ಟುವುದೂ ನನ್ನ ವೃತ್ತಿಯ ದೌರ್ಬಲ್ಯ. ಆದರೆ ಅಕ್ಕ ಆ ಹೊತ್ತಿಗೆ ರೈಟರ ಕೈಯಿಂದ ಪತ್ರಿಕೆಯನ್ನು ತೆಗೆದುಕೊಂಡು, ಮೊದಲನೆಯ ಪುಟವನ್ನು ಬಿಚ್ಚಿ, ಒಂದೊಂದೇ ಅಕ್ಷರ ಕೂಡಿಸಿ ಓದುತ್ತ ನಿಂತಿದ್ದರು. ಬೆಳಗಿನಿಂದ ಆಕೆ ಕೇಳಿದ್ದು ಅದೊಂದೇ ಸುದ್ದಿ, ಅದನ್ನು ಆಕೆಗೆ ಎರಡನೆಯ ಸಲ ಓದಿ ಹೇಳುವಷ್ಟು ಬಿಡುವು ನಮ್ಮಲ್ಲಿ ಯಾರಿಗೂ ಆಗಿರಲಿಲ್ಲ.

ಆಗ ಒಂದೇ ಕ್ಷಣದಲ್ಲಿ ಮೂರು ಮೊಬೈಲುಗಳು ಸದ್ದು ಮಾಡಿದವು. ಅರಣ್ಯ ಇಲಾಖೆಯ ಸಂದೇಶ: ಕಾಡಾನೆಗಳ ಗುಂಪೊಂದು ಸಮೀಪದ ತೋಟಕ್ಕೆ ಇಳಿದಿದೆ, ಆ ಕಡೆಯವರು ಎಚ್ಚರದಿಂದಿರಬೇಕು. ಆಲೂರು ಸಕಲೇಶಪುರಗಳ ಕಡೆ ಆನೆಯ ಸುದ್ದಿ ಬಂತೆಂದರೆ ಪುಟಿನ್ ನೆತನ್ಯಾಹು ಎಲ್ಲರೂ ಕಾಯಬೇಕು. ಗೌಡರು ಅರ್ಧ ಕುಡಿದ ಲೋಟವನ್ನು ಬಿಟ್ಟೆದ್ದು, ಕಣದಲ್ಲಿ ಕಾಫಿ ಹರವುತ್ತಿದ್ದ ಆಳುಗಳಿಗೆ ಫೋನು ಮಾಡುತ್ತ ಜೀಪಿನತ್ತ ಓಡಿದರು. ಯಾರ ತೋಟ, ಎಷ್ಟು ಆನೆ, ಮರಿಯಿದೆಯೋ ಒಂಟಿಸಲಗವಿದೆಯೋ, ಶಾಲೆಯ ಮಕ್ಕಳು ಯಾವ ದಾರಿಯಲ್ಲಿ ಬರುತ್ತಾರೆ, ಪ್ರಶ್ನೆಗಳು ಚಿಕ್ಕವು, ಉತ್ತರಗಳೂ ಚಿಕ್ಕವು. ಪಕ್ಷವಹಿಸುವ ಮಾತೇ ಬರಲಿಲ್ಲ. ಹುಡುಗರಿಬ್ಬರೂ ಒಂದೇ ಬೈಕಿನಲ್ಲಿ ಹೋದರು.

ಸಂಜೆ ಸ್ನೇಹಿತರ ತೋಟದಲ್ಲಿ ಹೂ ನೋಡಿದೆನು. ಹನಿ ನೀರಾವರಿಯಲ್ಲ, ತುಂತುರು ಕೊಳವೆಗಳಿಂದ ನೀರು ಹಾರಿಸಿ ಎಂಟೊಂಬತ್ತು ದಿನವಾದರೆ ರೊಬಸ್ಟಾ ಗಿಡದ ರೆಕ್ಕೆರೆಕ್ಕೆಯ ಮೇಲೂ ಬಿಳಿಯ ಗೊಂಚಲು. ಮಲ್ಲಿಗೆಯನ್ನು ನೆನಪಿಗೆ ತರುವ ಆ ಕಂಪು ಎರಡು ಮೂರು ದಿನವಿದ್ದು ಹೋಗುತ್ತದೆ. ಅಷ್ಟರಲ್ಲಿ ಜೇನು ತನ್ನ ಕೆಲಸ ಮಾಡಿರಬೇಕು. ಲೈನ್ ಮನೆಗಳ ಮುಂದೆ ಅಸ್ಸಾಮಿನಿಂದ ಬಂದ ಕೂಲಿಯವರು ತಮ್ಮ ಊರಿನವರೊಡನೆ ಮೊಬೈಲಿನಲ್ಲಿ ಮುಖ ನೋಡಿ ಮಾತನಾಡುತ್ತಿದ್ದರು. ಯುದ್ಧದ ವಿಷಯ ಆ ರಾತ್ರಿ ಯಾರೂ ಎತ್ತಲಿಲ್ಲ.

ಆ ವರ್ಷದ ಜುಲೈ ತಿಂಗಳಿನಲ್ಲಿ, ದೋಣಿಗಲ್ಲಿನಿಂದ ಮಂಗಳೂರಿಗೆ ಇಳಿಯುವ ಶಿರಾಡಿ ಘಟ್ಟದ ಹೆದ್ದಾರಿಯ ಮೇಲೆ ಗುಡ್ಡ ಜರಿದು ವಾಹನಗಳು ನಿಂತವು. ಎಡಕುಮೇರಿಗೂ ಕಡಗರವಳ್ಳಿಗೂ ನಡುವೆ ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಗಿ ರೈಲೂ ನಿಂತಿತು. ಹಡಗಿಗೆ ಕೆಂಪು ಸಮುದ್ರದಲ್ಲಿ ಅಡ್ಡಿ, ಹಡಗನ್ನು ಮುಟ್ಟುವುದಕ್ಕೆ ಮೊದಲು ಕೆಂಪುಹೊಳೆಯ ಕಣಿವೆಯಲ್ಲಿ ಅಡ್ಡಿ. ಸೆಪ್ಟೆಂಬರಿನಲ್ಲಿ ಕಲಬುರಗಿಯ ಆ ಯುವಕರು ರಷ್ಯಾದಿಂದ ಊರಿಗೆ ಮರಳಿದರೆಂದು ಪತ್ರಿಕೆಯಲ್ಲಿ ಓದಿದೆನು.

ಅಕ್ಟೋಬರಿನಲ್ಲಿ ಮಂಗಳೂರಿಗೆ ಹೋಗುವಾಗ ದೋಣಿಗಲ್ಲಿನಲ್ಲಿ ಇಳಿದೆನು. ಮಳೆ ಹೊಡೆದು ಹೋದ ಹೆಂಚುಗಳಿಗೆ ಹೊಸದಾಗಿ ಕೈಯಾಡಿಸಿದ್ದರು. ನನ್ನನ್ನು ಕಂಡೊಡನೆ ಅಕ್ಕ, ಎಂಟು ತಿಂಗಳ ಹಿಂದೆ ಬಿಟ್ಟ ಮಾತನ್ನು ಅಲ್ಲಿಂದಲೇ ಎತ್ತಿಕೊಂಡವರಂತೆ, "ಆ ಗುಲ್ಬರ್ಗದ ಹುಡುಗ್ರು ಬಂದ್ರಂತಲ್ಲ ಸಾರ್" ಎಂದರು. ಮಗ ಎಲ್ಲಿದ್ದಾನೆಂದು ಕೇಳಿದೆನು. ದುಬೈಯಲ್ಲಿ, ಗೋದಾಮಿನ ಕೆಲಸ. ದಿನಾ ರಾತ್ರಿ ಫೋನು ಮಾಡುತ್ತಾನೆ. ಗೌಡರು ಕಣದ ದುರಸ್ತಿಯಲ್ಲಿದ್ದರು, ರೈಟರು ಬೆಂಚಿನ ಮೇಲಿದ್ದರು, ಪತ್ರಿಕೆಯಲ್ಲಿ ಈ ಸಲ ಲೆಬನಾನ್ ಇತ್ತು. ಕಾಫಿ ಕುಡಿದು ದುಡ್ಡು ಕೊಡುವಾಗ ನೋಡಿದರೆ, ಕಾಫಿ ಬೆಳೆಯುವ ಆ ಊರಿನಲ್ಲಿಯೂ ಲೋಟಕ್ಕೆ ಐದು ರೂಪಾಯಿ ಹೆಚ್ಚಾಗಿತ್ತು.